ಬಾಟಲಿಯ ಬಾಯಲ್ಲಿ ಅರ್ಧ ಇಂಚು

ನ್ಯೂವಾರ್ಕ್ ವಿಮಾನ ನಿಲ್ದಾಣ

ಅಮೆರಿಕಕ್ಕೆ ಹೋಗಿಬಂದವರೆಲ್ಲ ಎತ್ತರದ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನು ಅವನ್ನು ರೈಲಿನ ಕಿಟಕಿಯಲ್ಲಿ ದೂರದಿಂದಲೇ ನೋಡಿದೆ, ಚೆನ್ನಾಗಿವೆ. ಆದರೆ ನಾನು ಕಟ್ಟಡ ನೋಡಲು ಹೋದವಳಲ್ಲ. ನನ್ನ ತಂಗಿ ವಿಮಲಾಳನ್ನು ಊರಿಗೆ ಕರೆದುಕೊಂಡು ಬರಲು ಹೋದವಳು. ಇದನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಹೇಳಲು ನನಗೆ ಏಳು ವಾರ ಹಿಡಿಯಿತು.

ನಾನು ರಾಣೆಬೆನ್ನೂರಿನಲ್ಲಿ ಉಪ್ಪಿನಕಾಯಿ ಮಾಡಿ ಮಾರುವವಳು. ಅಪ್ಪ ಅವ್ವ ಒಂದೇ ವರ್ಷದಲ್ಲಿ ಹೋದಾಗ ವಿಮ್ಮಿಗೆ ಒಂಬತ್ತು, ನನಗೆ ಹತ್ತೊಂಬತ್ತು. ಬಸ್ ನಿಲ್ದಾಣದ ಎದುರು ಎರಡು ಡಬ್ಬಿ ಇಟ್ಟುಕೊಂಡು ಕೂತೆ. ಒಂದರಲ್ಲಿ ಮಾವು, ಇನ್ನೊಂದರಲ್ಲಿ ನಿಂಬೆ. ಈಗ ನನ್ನದೇ ಶೆಡ್ ಇದೆ, ಹನ್ನೆರಡು ಮಂದಿ ಕೆಲಸದವರಿದ್ದಾರೆ. ವಿಮ್ಮಿ ಫಾರ್ಮಸಿ ಓದಿದಳು, ಮೋಹನ ಎಂಬ ಒಳ್ಳೆಯ ಹುಡುಗನನ್ನು ಮದುವೆಯಾಗಿ ನ್ಯೂಜೆರ್ಸಿಗೆ ಹೋದಳು. ನಾನು ಮದುವೆಯಾಗಲಿಲ್ಲ. ಮೊದಲು ಪುರುಸೊತ್ತು ಇರಲಿಲ್ಲ, ಆಮೇಲೆ ಕೇಳುವವರು ಇರಲಿಲ್ಲ.

ಮೂರು ವರ್ಷದ ಹಿಂದೆ ಮೋಹನ ಹೃದಯಾಘಾತದಲ್ಲಿ ಹೋಗಿಬಿಟ್ಟ. ಮಕ್ಕಳಿಲ್ಲ. ಆಗ ನನಗೆ ವೀಸಾ ಸಿಗಲಿಲ್ಲ, ಫೋನಿನಲ್ಲೇ ಅತ್ತೆವು. ಈ ವರ್ಷ ಸಿಕ್ಕಿತು. ಒಬ್ಬಂಟಿ ಹೆಣ್ಣುಮಗಳು ಆ ದೇಶದಲ್ಲಿ ಇನ್ನೇನು ಮಾಡುತ್ತಾಳೆ, ಮನೆ ಮಾರಿಸಿ ಕರೆತಂದರಾಯಿತು ಎಂದುಕೊಂಡು ಆಗಸ್ಟ್ ಕೊನೆಗೆ ವಿಮಾನ ಹತ್ತಿದೆ.

ಇಳಿದ ಕೂಡಲೇ ಮೊದಲ ಪೆಟ್ಟು. ಕಸ್ಟಮ್ಸ್‌ನ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ ಮಾವಿನ ಉಪ್ಪಿನಕಾಯಿಯ ಪೊಟ್ಟಣ ಎತ್ತಿ ಹಿಡಿದ. ಹಣ್ಣೋ ಕಾಯೋ, ಹೊಸದೋ ಎಂದು ಕೇಳಿದ. ನನ್ನ ಮಾಲಿನ ಹೆಚ್ಚುಗಾರಿಕೆ ಹೇಳದಿದ್ದರೆ ನಾನು ವ್ಯಾಪಾರಸ್ಥೆ ಹೇಗಾದೇನು?

"ನೋ ಸರ್. ಓಲ್ಡ್. ಟೂ ಇಯರ್ಸ್ ಓಲ್ಡ್!" ಎಂದೆ, ಎದೆ ಉಬ್ಬಿಸಿ.

ಅವನು ಸತ್ತ ಇಲಿಯನ್ನು ಹಿಡಿದವನಂತೆ ಅದನ್ನು ಎರಡು ಬೆರಳಲ್ಲಿ ವಾಪಸ್ ಇಟ್ಟ. ಹೋಗು ಎಂದು ಕೈ ಮಾಡಿದ. ಹೋಗುವವರಿಗೆ ನನ್ನ ಸಲಹೆ: ಅಂಗಡಿಯಲ್ಲಿ ಕಟ್ಟಿಸಿದ ಪೊಟ್ಟಣವನ್ನೇ ಒಯ್ಯಿರಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಹೊಗಳಬೇಡಿ.

ಪಿಸ್ಕಾಟವೇ, ಮೊದಲ ವಾರ

ಪಿಸ್ಕಾಟವೇ ನ್ಯೂಜೆರ್ಸಿಯ ಒಂದು ಊರು. ಅಲ್ಲಿ ವಿಮ್ಮಿಯ ಮನೆ ಚಿಕ್ಕದು, ಹಿತ್ತಲು ದೊಡ್ಡದು. ಹಿತ್ತಲಿನ ಸುತ್ತ ಆಳೆತ್ತರ ಮೀರಿದ ಬಲೆಯ ಬೇಲಿ. ಜಿಂಕೆಗಳಿಗಾಗಿಯಂತೆ. ನಮ್ಮಲ್ಲಿ ದನ ನುಗ್ಗಿದರೆ ಯಾರದ್ದೆಂದು ಬೈಯಬಹುದು. ಇಲ್ಲಿ ಜಿಂಕೆ ಯಾರದ್ದೂ ಅಲ್ಲ, ಬೈಗುಳ ಬಾಯಲ್ಲೇ ಉಳಿಯುತ್ತದೆ. ಒಳಗೆ ಟೊಮೆಟೊ, ಬೀನ್ಸ್, ಹೀರೇಕಾಯಿ, ಬದನೆ, ಮೆಂತ್ಯ. ಕುಂಡದಲ್ಲಿ ಕರಿಬೇವಿನ ಗಿಡ. ಅದಕ್ಕೆ ಚಳಿ ತಡೆಯುವುದಿಲ್ಲವೆಂದು ಅಕ್ಟೋಬರಿನಲ್ಲಿ ಮನೆಯೊಳಗೆ ತಂದು ಕಿಟಕಿಯ ಬಳಿ ಇಡುತ್ತಾಳೆ.

ಗ್ಯಾರೇಜಿನಲ್ಲಿ ಎರಡು ದೊಡ್ಡ ಫ್ರೀಜರ್. ನಮ್ಮ ಊರಿನ ಐಸ್‌ಕ್ರೀಂ ಅಂಗಡಿಯ ಮುಂದೆ ಇರುತ್ತವಲ್ಲ, ಮೇಲಿನಿಂದ ಬಾಗಿಲು ತೆಗೆಯುವವು, ಅಂಥವು. ತೆಗೆದು ನೋಡಿದೆ. ಚಪ್ಪಟೆ ಮಾಡಿ ಗಾಳಿ ತೆಗೆದ ಚೀಲಗಳು ಪುಸ್ತಕ ಜೋಡಿಸಿದ ಹಾಗೆ ನಿಂತಿದ್ದವು. ಪ್ರತಿಯೊಂದರ ಮೇಲೂ ಹೆಸರು, ತಾರೀಕು.

"ಇಷ್ಟೊಂದು ಯಾರಿಗೆ ವಿಮ್ಮಿ? ನೀ ಒಬ್ಬಾಕಿ ಎಷ್ಟ ತಿಂತಿ?"

"ಚಳಿಗಾಲ ಬರ್ತೈತಲ್ಲ ಅಕ್ಕಾ."

"ಚಳಿಗಾಲದಾಗ ಅಂಗಡಿ ಮುಚ್ತಾರೇನು ಇಲ್ಲಿ?"

"ಮುಚ್ಚೂದಿಲ್ಲ. ನೀ ಬಾಗಿಲ ಮುಚ್ಚು ಮೊದಲ, ಥಂಡಿ ಎಲ್ಲಾ ಹೊರಗ ಹೊಂಟೈತಿ."

ಯಾರಿಗೆಂದು ಹೇಳದೆ ಜಾರಿಕೊಂಡಳು. ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಮೆಣಸಿನಕಾಯಿ ಕೊಳ್ಳುವಾಗ ನಾನು ಮೊದಲು ಚೀಲದ ತಳಕ್ಕೆ ಕೈ ಹಾಕುತ್ತೇನೆ. ತೇವ, ಕಪ್ಪು ಮಚ್ಚೆ, ಮುರುಕು, ಸಿಕ್ಕಿದ್ದನ್ನೆಲ್ಲ ಎತ್ತಿ ತೋರಿಸಿದರೆ ಮಾರುವವನ ಧ್ವನಿ ಇಳಿಯುತ್ತದೆ. ತಂಗಿಯ ಸಂಸಾರದಲ್ಲೂ ಹಾಗೆಯೇ ಕೈ ಹಾಕಿ ಹುಡುಕತೊಡಗಿದೆ. ಆರು ಕುರ್ಚಿಯ ಊಟದ ಮೇಜಿನಲ್ಲಿ ಒಂದೇ ಕುರ್ಚಿ ಸವೆದಿತ್ತು. ಬೆಳಿಗ್ಗೆ ಬ್ರೆಡ್ಡನ್ನು ನಿಂತೇ ತಿನ್ನುತ್ತಿದ್ದಳು. ಟಿವಿ ನೋಡದಿದ್ದರೂ ಹಾಕಿಟ್ಟಿರುತ್ತಿದ್ದಳು. ಒಳ್ಳೆಯದು, ಕೊನೆಯಲ್ಲಿ ಮಾತಿಗೆ ಕೂತಾಗ ಇವೆಲ್ಲ ಬೇಕಾಗುತ್ತವೆ ಎಂದುಕೊಂಡೆ.

ಎಂಟಕ್ಕೆ ಅವಳು ಕಾರು ತೆಗೆದುಕೊಂಡು ಫಾರ್ಮಸಿಯ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ನಡುವಿನ ಹನ್ನೊಂದು ತಾಸು ನನ್ನದು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ತರಕಾರಿ ಗಾಡಿ ಇಲ್ಲ, ಹಾಲಿನವನಿಲ್ಲ, ಯಾರ ಮನೆಯ ಕುಕ್ಕರೂ ಕೂಗುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಿದರೆ ಬಾಗಿಲಿಗೆ ಓಡಿ ಹೋಗಿ ನೋಡುತ್ತಿದ್ದೆ. ಫೋನ್ ಮಾಡೋಣವೆಂದರೆ, ನನಗೆ ಮಾತು ಬೇಕೆನಿಸುವ ಹೊತ್ತಿಗೆ ಊರು ಮಲಗಿರುತ್ತಿತ್ತು. ನಾಲ್ಕನೇ ದಿನ ಬದನೆ ಗಿಡಕ್ಕೆ ನೀರು ಹಾಕುತ್ತ, "ಏನವಾ, ಯಾಕ ಸೊರಗೀದಿ?" ಎಂದು ಕೇಳಿದೆ. ಕೇಳಿದ ಮೇಲೆ ಸುತ್ತ ನೋಡಿದೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಒಬ್ಬರು ಕೇಳಿಸಿಕೊಂಡಿದ್ದರು. ಪಕ್ಕದ ಮನೆಯ ರೋಸ್. ಎಂಬತ್ತರ ಹತ್ತಿರದ ಇಟಲಿ ಮೂಲದ ಹೆಂಗಸು, ಮಂಡಿ ನೋವು, ಕೈಯಲ್ಲಿ ಕೋಲು. ಬೇಲಿಯ ಆಚೆಯಿಂದ, "ನಾನೂ ಅವನ್ನು ಮಾತಾಡಿಸುತ್ತೇನೆ. ನನ್ನವು ಇಟಾಲಿಯನ್ ಮಾತ್ರ ಕೇಳುತ್ತವೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನನ್ನದು ಸಂತೆಯ ಇಂಗ್ಲಿಷ್. ಅಷ್ಟಕ್ಕೆ ಸಾಕಾಯಿತು.

ರಾಬಿನ್ಸ್‌ವಿಲ್ ದಾರಿ

ರವಿವಾರ ರಾಬಿನ್ಸ್‌ವಿಲ್‌ನ ದೊಡ್ಡ ಮಂದಿರ ತೋರಿಸಲು ವಿಮ್ಮಿ ಕರೆದೊಯ್ದಳು. ಅಮೃತಶಿಲೆಯ ಕೆತ್ತನೆ ನೋಡಿ ಕಣ್ಣು ತಂಪಾಯಿತು. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ವಾಪಸ್ ಬರುವ ದಾರಿಯ ಒಂದು ಮೇಜು.

ಹೊಲದ ಅಂಚಿನಲ್ಲಿ ಮರದ ಮೇಜು, ಮೇಲೆ ತಗಡಿನ ನೆರಳು, ಬುಟ್ಟಿಗಳಲ್ಲಿ ಮೆಕ್ಕೆಜೋಳ ಮತ್ತು ಉದ್ದನೆಯ ಟೊಮೆಟೊ. ವಿಮ್ಮಿಗೆ ಇನ್ನೂ ಎರಡು ಬುಟ್ಟಿ ಟೊಮೆಟೊ ಬೇಕಿತ್ತು. ಮುಂದಿನ ಶನಿವಾರ ರೋಸ್ ಅವರ ಅಂಗಳದಲ್ಲಿ ವರ್ಷದ ಟೊಮೆಟೊ ಕೆಲಸವಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಇಳಿದೆ. ವಾರಗಟ್ಟಲೆ ಆಗಿತ್ತು ಬಾಯಿ ಬಿಟ್ಟು ಚೌಕಾಸಿ ಮಾಡಿ.

ಮಾರುವವರೇ ಇರಲಿಲ್ಲ. ಬೆಲೆ ಬರೆದ ಹಲಗೆ, ಪಕ್ಕದಲ್ಲಿ ಸೀಳು ಕೊರೆದ ತಗಡಿನ ಡಬ್ಬಿ. ದುಡ್ಡು ಹಾಕಿ ಮಾಲು ಒಯ್ಯಬೇಕು.

"ಹಲೋ! ಯಾರರ ಅದೀರೇನ್ರೀ?" ಎಂದು ಹೊಲದ ಕಡೆ ಕೂಗಿದೆ.

ಒಂದು ನಾಯಿ ಬಂತು. ನನ್ನನ್ನು ಮೂಸಿ ಹೋಯಿತು.

"ಅಕ್ಕಾ, ಕೂಗಬ್ಯಾಡ. ಅಲ್ಲಿ ಹಾಕಿಬಿಡು ಅಷ್ಟ," ವಿಮ್ಮಿ ಕಾರಿನಿಂದ ಅಂದಳು.

"ಇವು ಎರಡು ಮೆತ್ತಗಾಗ್ಯಾವ, ನೋಡಿಲ್ಲಿ. ಇದಕ್ಕೂ ಅದಽ ರೇಟೇನು?"

"ಯಾರಿಗಿ ಹೇಳಾಕತ್ತಿ? ಡಬ್ಬಿಗೇನು?"

ನಗುತ್ತಿದ್ದಳು. ನಾನು ಬರೆದಷ್ಟೂ ಹಾಕಿದೆ. ಕಾರಿನಲ್ಲಿ ಕೂತ ಮೇಲೆ ಏಕೋ ಅಳು ಬಂದಂತಾಯಿತು. ಚೌಕಾಸಿ ಎಂದರೆ ದುಡ್ಡು ಉಳಿಸುವುದು ಎಂದು ತಿಳಿದವರು ಸಂತೆ ಮಾಡಿದವರಲ್ಲ. ಇನ್ನೊಬ್ಬರು ನಿಮ್ಮ ಮುಖ ನೋಡಿ, "ಇಲ್ಲ ಬಿಡ್ರೀ ಯಕ್ಕಾರ, ನಿಮಗಂತ ಕೊಟ್ಟೀನಿ," ಅನ್ನುತ್ತಾರಲ್ಲ, ನಾನು ನಲವತ್ತು ವರ್ಷ ಬದುಕಿದ್ದು ಆ ಒಂದು ಮಾತಿನ ಮೇಲೆ. ಮನೆಯಲ್ಲಿ ನನಗಂತ ಎಂದು ಯಾರೂ ಏನೂ ಎತ್ತಿಟ್ಟವರಲ್ಲ.

ಫ್ಲಶಿಂಗ್

ವಿಮ್ಮಿಗೆ ವಾರದ ನಡುವೆ ಒಂದು ರಜೆ ಸಿಕ್ಕಿತು. ರೈಲಿನಲ್ಲಿ ನ್ಯೂಯಾರ್ಕ್, ಅಲ್ಲಿಂದ ಸಬ್‌ವೇ ಹಿಡಿದು ಫ್ಲಶಿಂಗ್‌ನ ಗಣಪತಿ ಗುಡಿ. ಸಬ್‌ವೇಯಲ್ಲಿ ಎಲ್ಲರೂ ಒತ್ತಿಕೊಂಡು ಕೂತಿದ್ದರು, ತೊಡೆಗೆ ತೊಡೆ ತಾಗುತ್ತಿತ್ತು, ಒಬ್ಬರೂ ಯಾವ ಊರು ಎಂದು ಕೇಳಲಿಲ್ಲ. ನಮ್ಮ ಹರಿಹರದ ಪ್ಯಾಸೆಂಜರ್‌ನಲ್ಲಿ ಆ ಹೊತ್ತಿಗೆ ಪಕ್ಕದವರ ಮಗಳ ಜಾತಕ ನನ್ನ ಕೈಯಲ್ಲಿರುತ್ತಿತ್ತು.

ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು. ವಿಮ್ಮಿ ಜಾಗ ಹಿಡಿಯಲು ಹೋದಳು. ನಾನು ಸಾಲಿನಲ್ಲಿ ನಿಂತು ಚಟ್ನಿಯ ಬಣ್ಣದ ಬಗ್ಗೆ ನನಗೆ ನಾನೇ ಏನೋ ಗೊಣಗಿದೆ. ಮುಂದಿದ್ದ ಹೆಂಗಸು ತಟ್ಟನೆ ತಿರುಗಿದಳು.

"ಯವ್ವಾ! ನಿಮ್ದು ಯಾವ ಊರ್ರೀ?"

"ರಾಣೆಬೆನ್ನೂರು."

"ನಮ್ದು ದಾವಣಗೆರೆ! ಮಗಳ ಬಾಣಂತನಕ್ಕ ಬಂದೀನ್ರೀ. ನೀವು?"

"ತಂಗಿ ಮನಿಗೆ."

"ಚಲೋ ಆತು. ಊರಾಗ ಯಾರ್ಯಾರು ಅದಾರ?"

"ಹನ್ನೆರಡು ಮಂದಿ ಕೆಲಸದವ್ರು ಅದಾರ. ದೊಡ್ಡ ಶೆಡ್ ಐತಿ, ಒಂದ ಸಲ ಬರ್ರಿ," ಎಂದೆ.

"ಅದಲ್ರೀ, ಮನಿಯೊಳಗ?"

ಅಷ್ಟರಲ್ಲಿ ಅವಳ ನಂಬರು ಕೂಗಿದರು. ತಟ್ಟೆ ಎತ್ತಿಕೊಂಡು, "ಬರ್ತೀನ್ರೀ, ಆರಾಮ ಇರ್ರಿ," ಎಂದು ಹೋದಳು. ಉತ್ತರ ಹೇಳುವ ಕಷ್ಟ ತಪ್ಪಿತು. ದೋಸೆ ಚೆನ್ನಾಗಿತ್ತು. ವಿಮ್ಮಿ ಎರಡು ಸಲ ಕೇಳಿದಳು, ಯಾಕೆ ಮಾತಿಲ್ಲ ಎಂದು. ಕಾಲು ನೋವು ಎಂದೆ.

ರೋಸ್ ಅವರ ಅಂಗಳ, ಶನಿವಾರ

ಇನ್ನು ಟೊಮೆಟೊ ದಿನದ ಮಾತು. ರೋಸ್ ಅವರ ಮನೆತನದಲ್ಲಿ ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಮುಂಚೆ, ಇಡೀ ಚಳಿಗಾಲಕ್ಕಾಗುವಷ್ಟು ಟೊಮೆಟೊ ರಸವನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ ಇಡುವ ರೂಢಿ. ಮೊದಲು ಇಪ್ಪತ್ತು ಮಂದಿ ಸೇರುತ್ತಿದ್ದರಂತೆ. ಈಗ ಅಕ್ಕತಂಗಿಯರು ತೀರಿಹೋಗಿದ್ದಾರೆ, ಮಗಳು ಫ್ಲೋರಿಡಾದಲ್ಲಿದ್ದಾಳೆ. ಮೋಹನ ಹೋದ ವರ್ಷದಿಂದ ರೋಸ್ ಮತ್ತು ವಿಮ್ಮಿ ಇಬ್ಬರೇ. ಹಂಡೆ, ಯಂತ್ರ, ಬಾಟಲಿ ರೋಸ್ ಅವರವು, ಟೊಮೆಟೊ ವಿಮ್ಮಿಯದು.

ಬೆಳಿಗ್ಗೆ ಏಳಕ್ಕೇ ಶುರು. ಟೊಮೆಟೊ ತೊಳೆದು, ಹೆಚ್ಚಿ, ಬೇಯಿಸಿ, ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಹಾಕಿದರೆ ಸಿಪ್ಪೆ ಬೀಜ ಒಂದು ಕಡೆ, ಕೆಂಪು ರಸ ಇನ್ನೊಂದು ಕಡೆ. ಬಾಟಲಿಗೆ ಸ್ವಲ್ಪ ನಿಂಬೆರಸ, ಒಂದು ಎಲೆ ತುಳಸಿ. ನಮ್ಮ ತುಳಸಿಯಲ್ಲ, ಅದರ ದೊಡ್ಡಮ್ಮನ ಮಗಳು. ರಸ ತುಂಬಿ, ಬಾಟಲಿಯ ಬಾಯಿ ಒರೆಸಿ, ರಬ್ಬರ್ ಅಂಚಿನ ತಗಡಿನ ಬಿಲ್ಲೆ ಇಟ್ಟು, ಮೇಲೆ ತಿರುಪಿನ ಬಳೆ. ಆಮೇಲೆ ಹಂಡೆಯ ಕುದಿಯುವ ನೀರಿನಲ್ಲಿ ಮುಳುಗಿಸಿ ಮುಕ್ಕಾಲು ತಾಸು. ಹೊರಗೆ ತೆಗೆದಿಟ್ಟರೆ ಆರುತ್ತ ಆರುತ್ತ ಬಿಲ್ಲೆ ಒಳಕ್ಕೆ ಎಳೆದುಕೊಂಡು 'ಟಕ್' ಎನ್ನುತ್ತದೆ. ಟಕ್ ಎಂದರೆ ವರ್ಷ ಕೆಡುವುದಿಲ್ಲ. ಎಣ್ಣೆ ಇಲ್ಲ, ರಾಶಿ ಉಪ್ಪಿಲ್ಲ, ಬಿಸಿಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಆದರೆ ಬೆಳಗಿನ ಸರದಿಯ ಹದಿನಾರು ಬಾಟಲಿಯೂ ನನ್ನ ಕಣ್ಣೆದುರೇ ಒಂದೊಂದಾಗಿ ಟಕ್ ಎಂದವು. ಪ್ರತಿ ಸದ್ದಿಗೂ ರೋಸ್ ಕೋಲು ಎತ್ತಿ, "ಬ್ರಾವೊ!" ಎನ್ನುತ್ತಿದ್ದರು.

ಮಧ್ಯಾಹ್ನ ವಿಮ್ಮಿಗೆ ಫಾರ್ಮಸಿಯಿಂದ ಕರೆ. ಯಾರೋ ಬಂದಿಲ್ಲವಂತೆ.

"ಅಕ್ಕಾ, ನಾ ನಾಲ್ಕಕ್ಕ ಬರ್ತೀನಿ. ರೋಸ್ ಸ್ವಲ್ಪ ಮಲಕ್ಕೊಳ್ಳಲಿ, ಮಂಡಿ ಬಾತೈತಿ ಅವರಿಗೆ. ರಸ ರೆಡಿ ಐತಿ. ಬಾಟ್ಲಿ ತುಂಬು, ಹಂಡೆಕ್ಕ ಇಳಸು. ಇಲ್ಲಿ ನೋಡು, ಮ್ಯಾಲೆ ಅರ್ಧ ಇಂಚು ಖಾಲಿ ಬಿಡು. ಬಳಿ ಬೆರಳ ತುದಿಲೇ ತಿರುವು, ಭಾಳ ಬಿಗಿ ಬ್ಯಾಡ. ನಿನಗೇನ ಹೇಳೂದೈತಿ ಬಿಡು, ನೀನಽ ಗುರು."

ಆ ಕೊನೆಯ ಮಾತನ್ನು ಅವಳು ಹೇಳಬಾರದಿತ್ತು.

ಅವಳು ಹೋದಳು, ರೋಸ್ ಒಳಗೆ ಹೋಗಿ ಮಲಗಿದರು. ನಾನು, ಹಂಡೆ, ಹದಿನಾರು ಖಾಲಿ ಬಾಟಲಿ. ಬೆಳಗಿನ ಬಾಟಲಿಗಳನ್ನು ಮತ್ತೊಮ್ಮೆ ನೋಡಿದೆ. ಎಲ್ಲದರಲ್ಲೂ ಕುತ್ತಿಗೆಯ ಹತ್ತಿರ ಅರ್ಧ ಇಂಚು ಖಾಲಿ. ನನ್ನ ಕೈ ತುರಿಸಿತು. ನಮ್ಮ ಧಂದೆಯಲ್ಲಿ ಖಾಲಿ ಬಿಟ್ಟ ಬಾಟಲಿ ಎಂದರೆ ಎರಡು ತಪ್ಪು. ಒಂದು, ಗಿರಾಕಿಗೆ ಮೋಸ. ಎರಡು, ಗಾಳಿ ಇದ್ದಲ್ಲಿ ಬೂಸು. ಭರಣಿಯ ಬಾಯಿಯವರೆಗೆ ಎಣ್ಣೆ ನಿಲ್ಲಬೇಕು, ಬಟ್ಟೆ ಬಿಗಿದು ಕಟ್ಟಬೇಕು. ಹಾಗೆ ಮಾಡಿಯೇ ನಾನು ಹೆಸರು ಮಾಡಿದ್ದು. ಇವರಿಗೆ ತಿಳಿಯದು, ನನ್ನ ಕೈಗುಣ ತೋರಿಸೋಣ ಎಂದು ಹದಿನಾರನ್ನೂ ಕಂಠಪೂರ್ತಿ ತುಂಬಿದೆ. ತಿರುಪಿನ ಬಳೆಯನ್ನು ಸೆರಗಿನಲ್ಲಿ ಹಿಡಿದು, ಗಂಡಸರೂ ಬಿಚ್ಚಲಾರದಂತೆ ಬಿಗಿದೆ. ಹಂಡೆಗೆ ಇಳಿಸಿ ಗಡಿಯಾರ ನೋಡುತ್ತ ಕೂತೆ. ಕೂತಲ್ಲೇ ಬಹಳ ದಿನದ ಮೇಲೆ ನೆಮ್ಮದಿಯಾಯಿತು. ಯಾರದೋ ಅಂಗಳದಲ್ಲಿ ನನ್ನ ಕೈಗೆ ಕೆಲಸವಿತ್ತು.

ಇಪ್ಪತ್ತು ನಿಮಿಷಕ್ಕೆ ಹಂಡೆಯೊಳಗೆ ಧಡ್ ಎಂದು ಸದ್ದು. ಇಣುಕಿ ನೋಡಿದರೆ ನೀರು ಕೆಂಪಾಗುತ್ತಿತ್ತು.

ನಾಲ್ಕಕ್ಕೆ ವಿಮ್ಮಿ ಬಂದಾಗ ಟವೆಲ್ಲಿನ ಮೇಲೆ ಹದಿನಾಲ್ಕು ಬಾಟಲಿ ಆರುತ್ತಿದ್ದವು. ಇನ್ನೆರಡು ಹಂಡೆಯಲ್ಲೇ ತಳ ಒಡೆದು ಹೋಗಿದ್ದವು. ಆರಲು ಇಟ್ಟವುಗಳ ಬಿಲ್ಲೆ ಸೊಟ್ಟಗಾಗಿ, ಅಂಚಿನಿಂದ ರಸ ಉಕ್ಕಿ ಒಣಗಿತ್ತು. ರೋಸ್ ಎದ್ದು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂವರೂ ಕಿವಿಗೊಟ್ಟು ಕಾದೆವು. ಎರಡು ಟಕ್ ಎಂದವು. ಆಮೇಲೆ ಏನೂ ಇಲ್ಲ. ರೋಸ್ ಅವರ ಕೋಲು ಮೊಣಕಾಲ ಮೇಲೇ ಇತ್ತು.

"ಮುಚ್ಚಳದ ಮಾಲು ಸರಿ ಇಲ್ಲ ವಿಮ್ಮಿ. ತೆಳ್ಳಗೈತಿ. ಎಲ್ಲಿ ತಂದಿ ಇದನ್ನ?" ಎಂದೆ. ವ್ಯಾಪಾರದ ಬಾಯಿ, ತಾನೇ ಮಾತಾಡುತ್ತದೆ.

ವಿಮ್ಮಿ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಕಂಠದವರೆಗೆ ಕೆಂಪು. ಬಳೆ ತಿರುವಲು ನೋಡಿದಳು, ತಿರುಗಲಿಲ್ಲ.

"ಅಕ್ಕಾ," ಎಂದಳು, ಮೆಲ್ಲಗೆ, "ಜಾಗಾ ಬಿಡಬೇಕಿತ್ತು. ಕುದಿಯೂ ಮುಂದ ಉಬ್ಬತೈತಿ, ಒಳಗಿನ ಗಾಳಿ ಹೊರಗ ಹೋಗಬೇಕು. ನೀ ಹಿಂಗ ಬಿಗಿದ್ರ ಅದು ಎಲ್ಲಿ ಹೋಗಬೇಕು?"

ರೋಸ್ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ನನ್ನ ಮುಂಗೈ ಹಿಡಿದು ನೋಡಿ, "ಎಂಥ ಶಕ್ತಿ! ಈ ಕೈ ನನಗಿದ್ದಿದ್ದರೆ ಗಂಡನನ್ನು ಇನ್ನೂ ಬೇಗ ದಾರಿಗೆ ತರುತ್ತಿದ್ದೆ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು.

ಮರುದಿನ

ಬೆಳಿಗ್ಗೆ ವಿಮ್ಮಿ ಅಡುಗೆಮನೆಯ ಡ್ರಾಯರಿನಿಂದ ಒಂದು ಹಾಳೆ ತೆಗೆದು ಪೆನ್ನು ಹಿಡಿದು ಕೂತಿದ್ದಳು. ಇಣುಕಿದೆ. ಒಂಬತ್ತು ಹೆಸರು, ಪ್ರತಿ ಹೆಸರಿನ ಎದುರು ಬಾಟಲಿ ಎಷ್ಟು, ಫ್ರೀಜರಿನ ಚೀಲ ಎಷ್ಟು.

"ಇದು ಯಾರ ಪಟ್ಟಿ?"

"ಚಳಿಗಾಲದ್ದು. ಈಕಿ ಯೂನಿವರ್ಸಿಟಿಯೊಳಗ ಓದೂ ಹುಡುಗಿ, ಧಾರವಾಡದಾಕಿ, ಬಸುರಿ ಅದಾಳ. ಇವರು ನಮ್ಮ ಫಾರ್ಮಸಿಯೊಳಗ ಡೆಲಿವರಿ ಮಾಡೂ ಅಂಕಲ್, ಹೆಂಡ್ತಿಗೆ ಕ್ಯಾನ್ಸರ್ ಚಿಕಿತ್ಸೆ ನಡದೈತಿ. ರೋಸ್‌ಗ ಜನವರಿಯೊಳಗ ಮೆಟ್ಟಲಾ ಇಳಿಯಾಕ ಆಗೂದಿಲ್ಲ, ವಾರಕ್ಕೊಮ್ಮೆ ನಾನಽ ಸಾಸ್ ಮಾಡಿ ಕೊಡ್ತೀನಿ." ಪೆನ್ನಿನ ತುದಿ ಹೆಸರಿನಿಂದ ಹೆಸರಿಗೆ ಇಳಿಯಿತು. "ಹದಿನಾಲ್ಕು ಬಾಟ್ಲಿ ಕಡಿಮಿ ಬಿದ್ದಾವ. ಯಾರಿಗೆ ಕಡಿಮಿ ಮಾಡ್ಲಿ ಅಂತ ನೋಡಾಕತ್ತೀನಿ."

ನಾನು ಅಲ್ಲೇ ಕೂತೆ. ಆರು ಕುರ್ಚಿಯಲ್ಲಿ ಒಂದೇ ಸವೆದಿದೆ ಎಂದು ಗುರುತು ಹಾಕಿದ್ದವಳು, ಈ ಡ್ರಾಯರ್ ತೆಗೆದು ನೋಡಿರಲಿಲ್ಲ. ನನ್ನ ಹೆಸರುಗಳ ಪಟ್ಟಿಯೂ ದೊಡ್ಡದೇ. ರೈತರು, ದಲಾಲರು, ಅಂಗಡಿಯವರು, ಲಾರಿಯವರು. ಅದರಲ್ಲಿ ಒಬ್ಬರಿಗಾದರೂ ಮಾರದೆ ಏನಾದರೂ ಕೊಟ್ಟಿದ್ದೇನೆಯೇ ಎಂದು ಯೋಚಿಸಿದೆ. ಕ್ಯಾಲೆಂಡರು ಕೊಟ್ಟಿದ್ದೇನೆ, ದೀಪಾವಳಿಗೆ.

"ಯಾರಿಗೂ ಕಡಿಮಿ ಮಾಡಬ್ಯಾಡ," ಎಂದೆ. "ಕೆಟ್ಟ ಬಾಟ್ಲಿ ಎಲ್ಲಿಟ್ಟಿ?"

"ಫ್ರಿಜ್ಜಿನಾಗ ಅದಾವ. ಇವತ್ತಽ ಏನರ ಮಾಡಬೇಕು, ಇಲ್ಲಾಂದ್ರ ಚೆಲ್ಲೂದು."

"ದೊಡ್ಡ ಪಾತ್ರಿ ಕೊಡು."

ಆ ರಸವನ್ನೆಲ್ಲ ಸುರಿದು, ಊರಿನಿಂದ ಒಯ್ದಿದ್ದ ಬ್ಯಾಡಗಿ ಮೆಣಸಿನಪುಡಿ, ಮೆಂತ್ಯ, ಸಾಸಿವೆ, ಬೆಲ್ಲ ಹಾಕಿ ಮಧ್ಯಾಹ್ನದವರೆಗೆ ತೊಳಸಿ ತೊಕ್ಕು ಮಾಡಿದೆ. ವಿಮ್ಮಿ ಅದನ್ನು ಚಿಕ್ಕ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಹಾಕಿದಳು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಎಷ್ಟು ತುಂಬಬೇಕೆಂದು ಹೇಳಲಿಲ್ಲ. ರೋಸ್‌ಗೆ ಒಂದು ಡಬ್ಬಿ ಕೊಟ್ಟೆವು. ನಾಲಿಗೆಗೆ ಹಚ್ಚಿ ಎರಡು ಲೋಟ ನೀರು ಕುಡಿದರು. ಮರುದಿನ ತಮ್ಮ ಪಾಸ್ತಾದ ಮೇಲೆ ಹಾಕಿಕೊಂಡು ತಿಂದು, ಇನ್ನಷ್ಟಿದೆಯೇ ಎಂದು ಬೇಲಿಯ ಹತ್ತಿರ ಕೇಳಿದರು. ಹೋಗುವವರಿಗೆ ಸಲಹೆ: ಮೆಣಸಿನಪುಡಿ ಒಯ್ಯಲು ಮರೆಯಬೇಡಿ. ಅವರ ಅಂಗಡಿಯದಕ್ಕೆ ಬಣ್ಣವಿದೆ, ಮಾತಿಲ್ಲ.

ಹೊರಡುವ ಹಿಂದಿನ ದಿನ

ಅಕ್ಟೋಬರ್ ಅರ್ಧವಾಯಿತು. ಆ ವಾರ ಇಬ್ಬನಿ ಹೆಪ್ಪುಗಟ್ಟುತ್ತದೆ, ಗಿಡಗಳೆಲ್ಲ ಒಂದೇ ರಾತ್ರಿಗೆ ಕಪ್ಪಾಗುತ್ತವೆ ಎಂದು ಹವಾಮಾನದವರು ಹೇಳಿದ್ದರು. ವಿಮ್ಮಿ ರಜೆ ಹಾಕಿದ್ದಳು. ಇಬ್ಬರೂ ಸೇರಿ ಕೊನೆಯ ಬೀನ್ಸ್ ಕಿತ್ತೆವು. ಅಡುಗೆಮನೆಯಲ್ಲಿ ಅವಳು ತುದಿ ಮುರಿದು ಕೊಡುತ್ತಿದ್ದಳು, ನಾನು ಕುದಿಯುವ ನೀರಿಗೆ ಹಾಕುವುದು. ಮೂರು ನಿಮಿಷ ಲೆಕ್ಕ. ಮೂರಕ್ಕೆ ತೆಗೆದು ಐಸ್ ನೀರಿಗೆ ಹಾಕಿ, ಒರೆಸಿ, ಚೀಲಕ್ಕೆ. ಕಡಿಮೆಯಾದರೆ ಫ್ರೀಜರಿನಲ್ಲಿ ರುಚಿ ಕೆಡುತ್ತದೆ, ಹೆಚ್ಚಾದರೆ ಮೆತ್ತಗಾಗುತ್ತದೆ. ನಾಲ್ಕು ಸರದಿ ಸರಿಯಾಗಿ ಮಾಡಿದೆ. ಐದನೆಯದನ್ನು ಹಾಕಿ, ಇನ್ನು ಹೊತ್ತಿಲ್ಲ ಎಂದು ಬಾಯಿ ತೆಗೆದೆ.

"ವಿಮ್ಮಿ, ಈ ಮನಿ ಮಾರಿಬಿಡು. ನನ್ನ ಜೋಡಿ ಬಾ."

ಅವಳು ತಲೆ ಎತ್ತಲಿಲ್ಲ. "ಇದನ್ನ ಯಾವಾಗ ಕೇಳ್ತಿ ಅಂತ ನೋಡಾಕತ್ತಿದ್ದೆ."

"ಕಾಯಂ ಬ್ಯಾಡಂದ್ರ ಒಂದು ವರ್ಷ ಬಾ. ಹೊಂದ್ಕೊಳ್ಳದಿದ್ರ ವಾಪಸ್ ಬಾ."

"ಅಕ್ಕಾ."

"ಹೋಗಲಿ, ಆರು ತಿಂಗಳು. ನಿನ್ನ ರೂಮು ಹಂಗಽ ಐತಿ. ಗೋಡೆಗೆ ಬಣ್ಣ ಹಚ್ಚಿಸೀನಿ."

"ಅಕ್ಕಾ, ನನ್ನ ಜೋಡಿ ಚೌಕಾಸಿ ಮಾಡಬ್ಯಾಡ."

"ನಿನ್ನ ಸಲುವಾಗಿ ಹೇಳಾಕತ್ತೀನಿ. ಒಬ್ಬಾಕಿ ಹೆಂಗಿರ್ತಿ ಇಲ್ಲಿ? ನಿಂತು ತಿಂತಿ, ಯಾರೂ ನೋಡದ ಟಿವಿ ಹಚ್ಚತಿ..."

ಅವಳು ಬೀನ್ಸ್ ಕೆಳಗಿಟ್ಟಳು. "ಹೌದು, ಒಬ್ಬಾಕಿ ಅದೀನಿ. ಸಂಜಿ ಮುಂದ ಭಾಳ ಕಷ್ಟ ಆಗತೈತಿ. ಮೋಹನನ ಕಾರ್ ಸಪ್ಪಳಾ ಕೇಳಿದಂಗ ಆಗತೈತಿ. ಆದ್ರ ನನಗ ಇಲ್ಲಿ ಬ್ಯಾರೆಯವರು ಬೇಕು, ಅವರಿಗೆ ನಾ ಬೇಕು. ನಂದು ನಡೀತೈತಿ." ನನ್ನ ಮುಖವನ್ನೇ ನೋಡಿದಳು. "ಅಕ್ಕಾ, ಖರೇ ಹೇಳು. ಇದು ಯಾರ ಸಲುವಾಗಿ?"

ಮಾಲು ನಿಮಗೆ ಬೇಕೇಬೇಕು ಎಂದು ಎದುರಿನವರಿಗೆ ತಿಳಿಯಬಾರದು. ಅಂಗಡಿ ಇಟ್ಟ ದಿನದಿಂದ ನಾನು ಎಲ್ಲರಿಗೂ ಹೇಳಿಕೊಟ್ಟದ್ದು ಅದನ್ನೇ. ಬೇಕು ಎಂದು ಮುಖದಲ್ಲಿ ಕಂಡ ಕ್ಷಣವೇ ನೀವು ಸೋತಿರಿ. ನಾನು ಒಲೆಯ ಕಡೆ ತಿರುಗಿಕೊಂಡು ನಿಂತೆ.

"ನನ್ನ ಸಲುವಾಗಿ," ಎಂದೆ. "ಆರಕ್ಕ ಶೆಡ್ ಮುಚ್ಚತೀನಿ, ಎಲ್ಲಾರೂ ಮನಿಗೆ ಹೋಗ್ತಾರ. ಆಮ್ಯಾಲೆ ಮುಂಜಾನಿ ಮಟಾ ನನ್ನ ಹೆಸರು ಹಿಡದು ಯಾರೂ ಕರಿಯೂದಿಲ್ಲ. ನನಗ ನೀ ಬೇಕಾಗೀದಿ ವಿಮ್ಮಿ."

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಎದ್ದು ಬಂದಳು. ನನ್ನ ಬೆನ್ನ ಮೇಲೆ ಅವಳ ಕೈ ಒದ್ದೆಯಾಗಿ, ತಣ್ಣಗೆ ಇತ್ತು.

"ಬಂದು ಇರಾಕ ಆಗೂದಿಲ್ಲ ಅಕ್ಕಾ. ಸುಳ್ಳು ಹೇಳೂದಿಲ್ಲ."

"ಗೊತ್ತು."

"ಮೂರು ವಾರ ಬರ್ತೀನಿ. ನನಗಿರೂದು ಅಷ್ಟಽ ರಜಾ. ಪ್ರತಿ ವರ್ಷ ಬರ್ತೀನಿ."

ನಾಲ್ಕು ಎನ್ನಬಹುದಿತ್ತು. ಅವಳ ಧ್ವನಿಯಲ್ಲಿ ನಾಲ್ಕಕ್ಕೆ ಜಾಗವಿತ್ತು, ಅದು ನನಗೆ ತಿಳಿಯದ್ದೇನಲ್ಲ. ನಾನು "ಆತು" ಎಂದುಬಿಟ್ಟೆ.

ಅಷ್ಟರಲ್ಲಿ ಒಲೆಯ ಮೇಲಿನ ಬೀನ್ಸ್ ಹತ್ತು ನಿಮಿಷ ದಾಟಿತ್ತು. ಬಣ್ಣ ಹೋಗಿ, ಮುಟ್ಟಿದರೆ ಮುರಿಯುವಂತಾಗಿತ್ತು. ವಿಮ್ಮಿ ಒಂದನ್ನು ಎತ್ತಿ ಹಿಸುಕಿ ನೋಡಿ, "ಇದು ಇಡಾಕ ಬರೂದಿಲ್ಲ," ಎಂದಳು. ಸಾಸಿವೆ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದೆ. ಅವಳು ಎರಡು ಕುರ್ಚಿ ಎಳೆದಳು. ಕೂತು, ಅವತ್ತೇ, ಎಲ್ಲ ತಿಂದು ಮುಗಿಸಿದೆವು.